ಮೈಲುತುತ್ತದಲ್ಲಿ ಎಚ್ಚಿಂಗ್ ಮಾಡುವ ಬಗೆ

ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹೊಸದಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣ ಮಾಡಿಕೊಂಡವರು ಅದರಲ್ಲಿ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ. ಒಂದು ಲೋಹ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುವ ಈ ಕ್ರಿಯೆಯೇ ಎಚ್ಚಿಂಗ್‌ಗೂ, ಅಂದರೆ ಲೋಹದ ತಗಡಿನಲ್ಲಿ ಗೆರೆಗಳನ್ನು ರಾಸಾಯನಿಕದಿಂದ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತುವ ಮುದ್ರಣ ಕಲೆಗೂ, ಸಾಕು. ನೈಟ್ರಿಕ್ ಆಮ್ಲದ ಹೊಗೆಗೆ ಹೆದರಿ ದೂರವಿದ್ದ ಮುದ್ರಣ ಕಲಾವಿದರು ಈ ಮಾಧ್ಯಮಕ್ಕೆ ಮರಳಲು ಇಂಥ ಸೌಮ್ಯ ವಿಧಾನಗಳೂ ಒಂದು ಕಾರಣ.

ಸುಮಾರು 1 ಮಿಲಿಮೀಟರ್ ದಪ್ಪದ, ಅಂಗೈ ಅಗಲದ ಅಲ್ಯೂಮಿನಿಯಂ ತಗಡಿನಿಂದ ಆರಂಭಿಸಿ. ಅಂಚುಗಳನ್ನು ಅರದಿಂದ ಓರೆಯಾಗಿ ಉಜ್ಜದಿದ್ದರೆ ಅವು ಪ್ರೆಸ್ಸಿನಲ್ಲಿ ಕಾಗದವನ್ನು ಕತ್ತರಿಸುತ್ತವೆ. ಸೀಮೆಸುಣ್ಣದ ಪುಡಿಯಿಂದ ಜಿಡ್ಡು ತೆಗೆದು, ಹಿಂಬದಿಗೆ ಪಾರ್ಸೆಲ್ ಟೇಪು ಅಂಟಿಸಿ. ದ್ರಾವಣ ತಗಡಿಗೆ ತಾಗದಂತೆ ತಡೆಯಲು ಜೇನುಮೇಣ ಮತ್ತು ಬಿಟುಮಿನ್ (ಡಾಂಬರು) ಕರಗಿಸಿ ಮಾಡಿದ ಲೇಪಕ್ಕೆ ವ್ಯಾಸಲೀನ್ ಬೆರೆಸಿದರೆ ಅದು ಒಣಗಿದ ಮೇಲೂ ಮೆದುವಾಗಿರುತ್ತದೆ. ಅದನ್ನು ತೆಳ್ಳಗೆ ಹಚ್ಚಿ, ಮೇಲೆ ಒಂದು ಹಿಪ್ಪುನೇರಳೆ ಎಲೆಯನ್ನೋ ಶಿಡ್ಲಘಟ್ಟದ ರೇಷ್ಮೆಯ ಚೂರನ್ನೋ ಇಟ್ಟು, ಕಾಗದ ಮುಚ್ಚಿ ಬಲವಾಗಿ ಒತ್ತಿ ತೆಗೆಯಿರಿ. ಎಲೆಯ ನರಕ್ಕೆ ಲೇಪ ಅಂಟಿಕೊಂಡು ಬರುತ್ತದೆ. ತಗಡಿನಲ್ಲಿ ಆ ನರದಷ್ಟೇ ಸಣ್ಣಗೆ ಬೆಳ್ಳಿಯ ಗೆರೆ ಹೊಳೆಯುತ್ತದೆ.

ಪ್ಲಾಸ್ಟಿಕ್ ತಟ್ಟೆಯಲ್ಲಿ 1 ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಅಡುಗೆ ಉಪ್ಪು ಕರಗಿಸಿ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆಯನ್ನು ಒಡೆಯುವುದು ಉಪ್ಪಿನ ಕ್ಲೋರೈಡ್. ಉಪ್ಪು ಮರೆತರೆ ತಗಡು ಸುಮ್ಮನೆ ಮಲಗಿರುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ತಗಡು ಇಳಿಸಿದೊಡನೆ ಗುಳ್ಳೆಯೇಳುತ್ತದೆ, ಗೆರೆಗಳಲ್ಲಿ ಕಂದುಗೆಂಪಿನ ತಾಮ್ರ ಹತ್ತಿಯಂತೆ ಉಬ್ಬುತ್ತದೆ. ಅದನ್ನು ಕೋಳಿಗರಿಯಿಂದ ಮೆಲ್ಲಗೆ ಸವರುತ್ತಿರಿ. ಹೊರಬರುವುದು ಹೈಡ್ರೋಜನ್ ಆದ್ದರಿಂದ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮೊದಲು ಒಂದು ಪಟ್ಟಿ ತಗಡಿನಲ್ಲಿ 2, 5, 10 ನಿಮಿಷದ ಕಡಿತ ನೋಡಿಟ್ಟುಕೊಳ್ಳಿ, ಏಕೆಂದರೆ ದ್ರಾವಣ ಬಿಸಿಯಾದಂತೆ ವೇಗವೂ ಹೆಚ್ಚುತ್ತದೆ.

ಪ್ರಯೋಗ ನಿಜವಾಗಿ ಆರಂಭವಾಗುವುದು ಲೇಪವಿಲ್ಲದ ಜಾಗದಲ್ಲಿ. ನನ್ನ ಮೊದಲ ತಗಡು ಫೋನಿನ ಮಾತಿನಲ್ಲಿ ಮರೆತುಹೋಗಿ, ಒತ್ತಾಗಿ ಗೀಚಿದ್ದ ಗೆರೆಗಳ ನಡುವಿನ ಗೋಡೆಗಳೆಲ್ಲ ಕುಸಿದಿದ್ದವು. ಆದರೆ ಅಲ್ಯೂಮಿನಿಯಂ ಈ ದ್ರಾವಣದಲ್ಲಿ ತಾನಾಗಿ ತರಿತರಿಯಾಗುವುದರಿಂದ, ಛಾಯೆಗಾಗಿ ಸಾಮಾನ್ಯವಾಗಿ ಬಳಸುವ ರಾಳದ ಪುಡಿ ಉದುರಿಸದೆಯೇ ಅಲ್ಲಿ ಮಳೆಮೋಡದಂಥ ಬೂದುಬಣ್ಣ ಬಂದಿತ್ತು. ಈಗ ಬೇಕೆಂದೇ ಒಂದಿಷ್ಟು ಜಾಗ ಬರಿದಾಗಿ ಬಿಡುತ್ತೇನೆ. ಸಾಕೆನಿಸಿದ ಭಾಗಕ್ಕೆ ವಾರ್ನಿಷ್ ಬಳಿದು ಉಳಿದದ್ದನ್ನು ಮತ್ತೆ ಇಳಿಸುತ್ತೇನೆ.

ಲೇಪವನ್ನು ಟರ್ಪೆಂಟೈನಿನಿಂದ ಒರೆಸಿ, ಎಚ್ಚಿಂಗ್ ಶಾಯಿಯನ್ನು ಗೆರೆಗಳೊಳಗೆ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಮೇಲ್ಮೈ ಒರೆಸಿ, ನೆನೆಸಿ ಒತ್ತಿದ ಹತ್ತಿಕಾಗದವಿಟ್ಟು ಪ್ರೆಸ್ಸಿಗೆ ಕೊಡಿ. ಚಿತ್ರ ಎಡಬಲ ತಿರುಗಿ ಬರುತ್ತದೆ. ಬಣ್ಣಗಳ ಆಸೆಯಿದ್ದವರು ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ಮುದ್ರಣ ಕಲಾವಿದ ಕೃಷ್ಣ ರೆಡ್ಡಿಯವರ ಕೆಲಸ ನೋಡಬೇಕು. ಪ್ಯಾರಿಸ್ಸಿನ ಅಟೆಲಿಯರ್ 17 ಎಂಬ ಮುದ್ರಣ ಕಲೆಯ ಕಾರ್ಯಾಗಾರದಲ್ಲಿ ಅವರು ಬೆಳೆಸಿದ ಕ್ರಮದಲ್ಲಿ ಗಟ್ಟಿ, ಮೆದು ರೋಲರುಗಳೂ ಎಣ್ಣೆಯ ಪ್ರಮಾಣ ಬೇರೆಬೇರೆಯಾದ ಶಾಯಿಗಳೂ ಸೇರಿ ಒಂದೇ ತಗಡಿನಿಂದ ಹಲವು ಬಣ್ಣ ತೆಗೆಯುತ್ತವೆ.

ಬಳಸಿದ ದ್ರಾವಣವನ್ನು ಚರಂಡಿಗೋ ಕುಂಟೆಗೋ ಚೆಲ್ಲಬಾರದು, ತಾಮ್ರ ಮೀನಿಗೆ ವಿಷ. ನೀಲಿ ಮಾಸುವವರೆಗೆ ತಗಡಿನ ಚೂರು ಹಾಕಿ, ನಂತರ ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವಾಗಿ ಬೆರೆಸಿ ರಾತ್ರಿಯಿಡೀ ಬಿಡಿ. ತಳದ ಗಷ್ಟನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿ, ರಾಸಾಯನಿಕ ಕಸವೆಂದು ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.