ಬ್ಲಾಗ್ ಎಲ್ಲಿ ತೆರೆಯುವುದು? ಮೊದಲು ಹೊರಬರುವ ದಾರಿ ನೋಡಿಕೊಳ್ಳಿ

ಸ್ವಂತಕ್ಕೊಂದು ಬ್ಲಾಗ್ ಬೇಕು ಅಂದುಕೊಂಡವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಾವುದು ಫ್ರೀ? ಯಾವುದರ ಡಿಸೈನ್ ಚೆನ್ನಾಗಿದೆ? ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ನಾಳೆ ಈ ಕಂಪನಿ ಬಾಗಿಲು ಹಾಕಿದರೆ ನಾನು ಬರೆದದ್ದು ನನ್ನ ಕೈಗೆ ಸಿಗುತ್ತದಾ?

ಇದು ಸುಮ್ನೆ ಹೆದರಿಸುವ ಮಾತಲ್ಲ. ಜನ ಸ್ವಂತ ಪುಟ ಮಾಡಿಕೊಳ್ಳುತ್ತಿದ್ದ ಜಿಯೋಸಿಟೀಸ್ ತಾಣವನ್ನು ಯಾಹೂ 2009ರಲ್ಲಿ ಮುಚ್ಚಿತು. ಪೋಸ್ಟರಸ್ ಎಂಬ ಬ್ಲಾಗ್ ತಾಣವನ್ನು ಟ್ವಿಟರ್ 2012ರಲ್ಲಿ ಕೊಂಡು, ಮರುವರ್ಷವೇ ನಿಲ್ಲಿಸಿತು. 2003ರಿಂದ ನಡೆಯುತ್ತಿದ್ದ ಟೈಪ್‌ಪ್ಯಾಡ್ ಎಂಬ ಬ್ಲಾಗ್ ಸೇವೆ 2025ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಬರೆಯುವವರಿಗೆ ಗಂಟುಮೂಟೆ ಕಟ್ಟಲು ಸಿಕ್ಕಿದ್ದು ಒಂದು ತಿಂಗಳಷ್ಟೇ.

ಹಾಗಾಗಿ ವೇದಿಕೆ ಆರಿಸುವ ಕೆಲಸವನ್ನು ಹೀಗೆ ಮಾಡಿ.

ಮೊದಲು ಏನು ಬರೆಯುತ್ತೀರಿ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಅಜ್ಜಿಯ ಅಡುಗೆಯೋ, ಊರಿನ ಕೆರೆಗಳ ಕಥೆಯೋ, ಚಾರಣದ ಫೋಟೋಗಳೋ? ಹತ್ತು ವರ್ಷ ಆದಮೇಲೂ ಯಾರಾದರೂ ಹುಡುಕಿಕೊಂಡು ಬರಬಹುದಾದ ಬರಹವಾದರೆ ಫೇಸ್‌ಬುಕ್ ಸಾಲದು. ಅಲ್ಲಿ ಮೂರು ವರ್ಷದ ಹಿಂದಿನ ನಿಮ್ಮದೇ ಪೋಸ್ಟ್ ನಿಮಗೇ ಸಿಗುವುದು ಕಷ್ಟ, ಅಲ್ವಾ? ಕನ್ನಡದ ಎಷ್ಟೋ ಒಳ್ಳೆಯ ಬರಹ ಹಾಗೇ ಕೆಳಗೆ ಜಾರಿಹೋಗುತ್ತಿದೆ.

ಎರಡನೆಯದು, ಅಭ್ಯರ್ಥಿಗಳನ್ನು ನೋಡುವುದು. ಬ್ಲಾಗರ್ ಎಂಬ ಸೇವೆ ಶುರುವಾದದ್ದು 1999ರಲ್ಲಿ, ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ. ಬಹಳ ವರ್ಷಗಳಿಂದ ದೊಡ್ಡ ಬದಲಾವಣೆ ಕಂಡಿಲ್ಲ, ನೋಡಲು ಹಳೆಯ ಕಾಲದ್ದು ಅನಿಸುತ್ತದೆ. ಆದರೆ ಪೂರ್ತಿ ಉಚಿತ. ನಿಮ್ಮದೇ ಡೊಮೇನ್, ಅಂದರೆ ಸ್ವಂತ ಹೆಸರಿನ ಜಾಲವಿಳಾಸ, ಜೋಡಿಸುವುದಕ್ಕೂ ಅದು ದುಡ್ಡು ಕೇಳುವುದಿಲ್ಲ. ಈ ಒಂದು ಕಾರಣಕ್ಕೇ ಹೊಸಬರಿಗೆ ನನ್ನ ಮೊದಲ ಸಲಹೆ ಅದೇ.

ವರ್ಡ್‌ಪ್ರೆಸ್ ವಿಷಯದಲ್ಲಿ ಜಾಸ್ತಿ ಜನ ಗೊಂದಲಕ್ಕೆ ಬೀಳುತ್ತಾರೆ. ಆ ಹೆಸರಿನಲ್ಲಿ ಎರಡಿವೆ. ‘ಡಾಟ್ ಕಾಮ್’ ಅನ್ನುವುದು ಆಟೊಮ್ಯಾಟಿಕ್ ಎಂಬ ಕಂಪನಿ ನಡೆಸುವ ಸೇವೆ. ಉಚಿತವಾಗಿ ಶುರು ಮಾಡಬಹುದು. ಆದರೆ ಉಚಿತ ಬ್ಲಾಗ್‌ನಲ್ಲಿ ಅವರ ಜಾಹೀರಾತು ಬರುತ್ತದೆ, ಸ್ವಂತ ಡೊಮೇನ್ ಬೇಕೆಂದರೆ ಹಣ ಕಟ್ಟಬೇಕು. ‘ಡಾಟ್ ಆರ್ಗ್’ನಲ್ಲಿ ಸಿಗುವುದು ತಂತ್ರಾಂಶ ಮಾತ್ರ. ಅದು ಉಚಿತ, ಮುಕ್ತ. ಆದರೆ ಇಡಲು ಜಾಗ, ಅಂದರೆ ಹೋಸ್ಟಿಂಗ್, ನೀವೇ ಬಾಡಿಗೆಗೆ ಹಿಡಿಯಬೇಕು. ಅಪ್‌ಡೇಟ್ ಹಾಕುವುದು, ಹ್ಯಾಕ್ ಆಗದಂತೆ ಕಾಯುವುದು ಎಲ್ಲ ನಿಮ್ಮ ತಲೆಮೇಲೆ. ಇದರಲ್ಲಿ ಆಸಕ್ತಿ ಇದ್ದವರಿಗೆ ಇದಕ್ಕಿಂತ ಸ್ವಾತಂತ್ರ್ಯ ಬೇರೆಲ್ಲೂ ಇಲ್ಲ. ಬರೆಯುವುದಷ್ಟೇ ಬೇಕಿದ್ದವರಿಗೆ ಇದು ಹೊರೆ.

ಮೀಡಿಯಂ ಎಂಬ ತಾಣದಲ್ಲಿ ಪುಟ ಚೆಂದ, ಆದರೆ ಸದಸ್ಯತ್ವ ಇಲ್ಲದವರಿಗೆ ಕೆಲವು ಬರಹ ತೆರೆಯುವುದೇ ಇಲ್ಲ. ಸಬ್‌ಸ್ಟ್ಯಾಕ್ ನಿಮ್ಮ ಬರಹವನ್ನು ಓದುಗರ ಇಮೇಲ್‌ಗೇ ಮುಟ್ಟಿಸುತ್ತದೆ, ಓದುಗರ ಪಟ್ಟಿಯನ್ನು ಇಳಿಸಿಕೊಳ್ಳಲೂ ಬಿಡುತ್ತದೆ. ವಾರಕ್ಕೊಮ್ಮೆ ತಪ್ಪದೆ ಬರೆಯುವವರಿಗೆ ಸರಿ. ಕೋಡ್ ಗೊತ್ತಿದ್ದವರು, ತಾವೇ ಬರೆದ ಫೈಲ್‌ಗಳನ್ನು ಜಾಲತಾಣವಾಗಿ ತೋರಿಸುವ ಗಿಟ್‌ಹಬ್ ಪೇಜಸ್ ನೋಡಿ.

ಈಗ ಮುಖ್ಯ ಹೆಜ್ಜೆ. ಇಷ್ಟವಾದ ಎರಡು ಕಡೆ ಒಂದೊಂದು ಪರೀಕ್ಷಾ ಬ್ಲಾಗ್ ತೆರೆಯಿರಿ. ಕನ್ನಡದಲ್ಲೇ ಶೀರ್ಷಿಕೆ ಕೊಟ್ಟು ಒಂದು ಬರಹ, ಒಂದು ಫೋಟೋ ಹಾಕಿ. ಪ್ರಕಟಿಸಿ, ಅದರ ವಿಳಾಸ ನೋಡಿ.

ಬ್ಲಾಗರ್ ಕನ್ನಡ ಅಕ್ಷರಗಳನ್ನು ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ. ‘ಬ್ಲಾಗ್-ಪೋಸ್ಟ್’ ಅಂತ ಇಂಗ್ಲಿಷಿನಲ್ಲಿ ಹಾಕಿ, ಪಕ್ಕಕ್ಕೊಂದು ಸಂಖ್ಯೆ ಅಂಟಿಸುತ್ತದೆ. ನೂರು ಬರಹ ಇದ್ದರೂ ವಿಳಾಸ ನೋಡಿ ಒಂದನ್ನೂ ಗುರುತಿಸಲಾಗದು. ಪರಿಹಾರ ಸುಲಭ. ಪ್ರಕಟಿಸುವ ಮೊದಲೇ ಬಲಬದಿಯಲ್ಲಿರುವ ಪರ್ಮಾಲಿಂಕ್ (ಬರಹದ ವಿಳಾಸ) ತೆರೆದು, ‘ಕೆರೆ-ಕಥೆ’ ಅನ್ನುವಂಥ ಪುಟ್ಟ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ವರ್ಡ್‌ಪ್ರೆಸ್ ಕನ್ನಡವನ್ನು ಒಪ್ಪುತ್ತದೆ, ಆದರೆ ಲಿಂಕ್ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆ ಬರಬಹುದು. ‘ಮಳೆ’ ಎಂಬ ಎರಡಕ್ಷರದ ಪದವೇ ಅಲ್ಲಿ 27 ಚಿಹ್ನೆ ತಿನ್ನುತ್ತದೆ. ಬರಹದ ಹೆಸರಿಗೆ ವಿಳಾಸದಲ್ಲಿ ಮಿತಿ ಇರುವುದು 200 ಚಿಹ್ನೆ, ಹಾಗಾಗಿ ಉದ್ದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಇಲ್ಲೂ ಚಿಕ್ಕ ಹೆಸರು ನೀವೇ ಕೊಡಿ.

ಅದೇ ಪುಟವನ್ನು ಮೊಬೈಲ್‌ನಲ್ಲಿ ತೆರೆದು ‘ರಾಷ್ಟ್ರ’, ‘ಸ್ತ್ರೀ’ಯಂಥ ಪದ ನೋಡಿ. ಎಷ್ಟೋ ಥೀಮ್‌ಗಳು, ಅಂದರೆ ಪುಟದ ಸಿದ್ಧ ವಿನ್ಯಾಸಗಳು, ಇಂಗ್ಲಿಷಿನ ಅಳತೆಗೆ ಮಾಡಿದವು. ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಹಾಗಿದ್ದರೆ ಸಾಲಿನ ಅಂತರ ಹೆಚ್ಚಿಸಿ ಅಥವಾ ಥೀಮ್ ಬದಲಿಸಿ. ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ನೇರ ಅಂಟಿಸಬೇಡಿ, ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಎಲ್ಲ ಕಡೆ ಒಂದೇ ರೀತಿ ಕಾಣುವ ಯೂನಿಕೋಡ್‌ ಅಕ್ಷರಗಳಿಗೆ ಬದಲಾಯಿಸಿಕೊಳ್ಳಿ.

ಇಷ್ಟಾದ ಮೇಲೆ ಹೊರಬರುವ ಪರೀಕ್ಷೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್, ವರ್ಡ್‌ಪ್ರೆಸ್‌ನ ಟೂಲ್ಸ್‌ನಲ್ಲಿ ಎಕ್ಸ್‌ಪೋರ್ಟ್ ಇರುತ್ತದೆ. ಫೈಲ್ ಇಳಿಸಿಕೊಂಡು ಇನ್ನೊಂದು ಕಡೆ ಹಾಕಿ ನೋಡಿ. ಬ್ಲಾಗರ್‌ನಿಂದ ತಂದದ್ದನ್ನು ವರ್ಡ್‌ಪ್ರೆಸ್ ತೆಗೆದುಕೊಳ್ಳುತ್ತದೆ. ಬರಹ ಬಂತು ಅಂತ ಖುಷಿಯಾಗಿ ಅಲ್ಲಿಗೇ ನಿಲ್ಲಿಸಬೇಡಿ. ಆ ಬ್ಯಾಕಪ್ ಫೈಲ್‌ನಲ್ಲಿ ಇರುವುದು ಅಕ್ಷರ ಮಾತ್ರ. ಫೋಟೋ ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ, ಫೋಟೋ ಇರುವುದಿಲ್ಲ. ಹಳೆಯ ತಾಣ ಮುಚ್ಚಿದ ಮೇಲೆ ಆ ವಿಳಾಸದಿಂದ ಏನೂ ಸಿಗದು. ಆದ್ದರಿಂದ ಬ್ಲಾಗಿಗೆ ಹಾಕುವ ಪ್ರತಿ ಫೋಟೋದ ಮೂಲ ಪ್ರತಿ ನಿಮ್ಮ ಕಂಪ್ಯೂಟರ್‌ನಲ್ಲಿ ಪ್ರತ್ಯೇಕ ಫೋಲ್ಡರ್‌ನಲ್ಲಿರಲಿ. ಅಜ್ಜನ ಕಾಲದ ಮನೆಯ ಚಿತ್ರವಾದರಂತೂ ತಪ್ಪದೆ.

ಕೊನೆಗೆ ಡೊಮೇನ್. ವರ್ಷಕ್ಕೆ ಕೆಲವು ನೂರರಿಂದ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಮೊದಲ ವರ್ಷದ ಕಡಿಮೆ ಬೆಲೆ ನೋಡಿ ಮರುಳಾಗಬೇಡಿ, ನವೀಕರಣದ ದರ ಎಷ್ಟು ಅಂತ ಕೇಳಿ. ಇದಕ್ಕೆ ಹಣ ಯಾಕೆ ಕೊಡಬೇಕು ಅನ್ನುವವರು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಕಥೆ ಕೇಳಬೇಕು. ಬ್ಲಾಗ್‌ಸ್ಪಾಟ್ ಅಂದರೆ ಬ್ಲಾಗರ್ ಉಚಿತವಾಗಿ ಕೊಡುವ ವಿಳಾಸ. 2012ರಿಂದ ಗೂಗಲ್ ಭಾರತದ ಓದುಗರನ್ನು ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ನಿಂದ ‘ಡಾಟ್ ಇನ್’ ವಿಳಾಸಕ್ಕೆ ಕಳಿಸುತ್ತಿತ್ತು. ಜನ ಅದನ್ನೇ ಕಾಪಿ ಮಾಡಿ ಎಲ್ಲೆಡೆ ಹಂಚಿದರು. 2020ರಲ್ಲಿ ಆ ಡೊಮೇನ್ ಗೂಗಲ್ ಕೈತಪ್ಪಿತು. ಬ್ಲಾಗ್‌ಗಳು ‘ಡಾಟ್ ಕಾಮ್’ನಲ್ಲಿ ಕ್ಷೇಮವಾಗಿದ್ದವು, ಆದರೆ ಹಂಚಿದ್ದ ಲಿಂಕ್‌ಗಳೆಲ್ಲ ಮುರಿದವು. ಅಷ್ಟು ದೊಡ್ಡ ಕಂಪನಿಯ ವಿಳಾಸವೇ ಹಾಗಾಗಬಹುದಾದರೆ, ನಿಮ್ಮ ವಿಳಾಸ ನಿಮ್ಮ ಹೆಸರಿನಲ್ಲೇ ಇರುವುದು ಒಳ್ಳೆಯದು. ಆಗ ವೇದಿಕೆ ಬದಲಿಸಿದರೂ ಓದುಗರು ಅದೇ ವಿಳಾಸಕ್ಕೆ ಬರುತ್ತಾರೆ. ಡೊಮೇನನ್ನು ಹೋಸ್ಟಿಂಗ್‌ನವರ ಹೆಸರಿನಲ್ಲಿ ಅಲ್ಲ, ನಿಮ್ಮದೇ ಇಮೇಲ್‌ನಲ್ಲಿ ನೋಂದಾಯಿಸಿ.

ಮನೆಯವರಲ್ಲಿ ಯಾರಾದರೊಬ್ಬರನ್ನು ಬ್ಲಾಗ್‌ಗೆ ಎರಡನೇ ಅಡ್ಮಿನ್ ಮಾಡಿಡಿ. ಯಾಕೆಂದರೆ ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪರ್ಮಿಷನ್ಸ್‌ನಲ್ಲಿ ಅವರಿಗೆ ಆಹ್ವಾನ ಕಳಿಸಿ. ಅವರು ಒಪ್ಪಿಕೊಂಡ ಮೇಲೆ ‘ಆಥರ್’ ಅಂತಿರುವುದನ್ನು ‘ಅಡ್ಮಿನ್’ ಮಾಡಿದರೆ ಆಯಿತು.