ಬತ್ತಿ ಹೊಸೆಯುತ್ತಾ ಅಜ್ಜಿ ಹೇಳಿದ್ದು

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಹತ್ತಿರದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿತ್ತು. ಟಿವಿ ತುಂಬಾ ಅದೇ ಸುದ್ದಿ. ಹಿಂದೆ ಕೋಡಿ ಬಿದ್ದಿದ್ದು 1933ರಲ್ಲಿ, 89 ವರ್ಷ ಆಯಿತು ಅಂತ ಪದೇ ಪದೇ ಹೇಳುತ್ತಿದ್ದರು. ದಾವಣಗೆರೆಯ ನಮ್ಮ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ ಅಜ್ಜಿ, ‘ಆವಾಗ್ಲೂ ನಾನು ನೋಡೀನಿ ಕಣೆ’ ಅಂದಳು. ಅಮ್ಮ ನಕ್ಕುಬಿಟ್ಟಳು. ಆಧಾರ್ ಕಾರ್ಡಿನಲ್ಲಿ ಅಜ್ಜಿ ಹುಟ್ಟಿದ್ದು 1935ರ ಜನವರಿ 1. ‘ಹುಟ್ಟೋಕೆ ಎರಡು ವರ್ಷ ಮೊದ್ಲೇ ಹೋಗಿ ನೋಡ್ಕೊಂಡು ಬಂದಿದ್ದೀಯಾ ಹಂಗಾದ್ರೆ’ ಅಂತ ತಮಾಷೆ ಬೇರೆ.

ನನಗೆ ಯಾಕೋ ನಗು ಬರಲಿಲ್ಲ. ಆ ವಾರವೇ ಅಜ್ಜಿಯ ಕತೆ ರೆಕಾರ್ಡ್ ಮಾಡಬೇಕು ಅಂತ ಕೂತೆ.

ಮೊದಲ ಭಾನುವಾರ ಪೂರ್ತಿ ದಂಡ. ನಾನು ಶಾಲೆ ಟೀಚರ್, ಅಭ್ಯಾಸ ಬಿಡುತ್ತಾ? ನೋಟ್‌ಬುಕ್ಕಿನಲ್ಲಿ 40 ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ‘ಅಜ್ಜಿ, ಚಿಕ್ಕವಳಿದ್ದಾಗ ಜೀವನ ಹೆಂಗಿತ್ತು?’ ಅಂದೆ. ‘ಏನೈತೆ ಹೇಳಾಕೆ, ಎಲ್ಲರ ಹಂಗೆ’ ಅಂದಳು. ‘ಮದುವೆ?’ ‘ಮಾಡಿದ್ರು, ಆತು.’ ಹತ್ತು ನಿಮಿಷದಲ್ಲಿ 40 ಪ್ರಶ್ನೆಯೂ ಮುಗಿದವು. ಫೋನನ್ನು ಮುಖದ ಮುಂದೆ ಹಿಡಿದಿದ್ದಕ್ಕೋ ಏನೋ, ಅಜ್ಜಿ ಸೆರಗು ಸರಿಮಾಡಿಕೊಂಡು ಫೋಟೋಗೆ ಕೂತ ಹಾಗೆ ಕೂತಿದ್ದಳು.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ದೀಪಾವಳಿ ಹತ್ತಿರ ಬಂದಿತ್ತು. ಬತ್ತಿ ಹೊಸೆಯಲಿ ಅಂತ ಅಮ್ಮ ಹತ್ತಿ ಪೊಟ್ಟಣ ಕೊಟ್ಟಿದ್ದಳು. ಅಜ್ಜಿ ಬೆರಳಿಗೆ ಒಂದಿಷ್ಟು ವಿಭೂತಿ ಒರೆಸಿಕೊಂಡು, ಹತ್ತಿ ಬಿಡಿಸಿ, ಎಳೆ ತೆಗೆದು, ಎರಡು ಸಲ ನೋಡಿದಳು. ‘ಇದು ಹತ್ತಿ ಏನೇ? ಔಷಧಿ ಅಂಗಡೀದು. ಎಳೇನೇ ಇಲ್ಲ.’ ಆಮೇಲೆ ತಾನಾಗೇ ಶುರುವಾಯಿತು. ಅಜ್ಜ ಕಾಟನ್ ಮಿಲ್ಲಿನಲ್ಲಿದ್ದ. ರಾತ್ರಿ ಪಾಳಿ ಮುಗಿಸಿ ಬಂದರೆ ತಲೆ, ಕಿವಿ, ಹುಬ್ಬು ಎಲ್ಲಾ ಬೆಳ್ಳಗೆ. ‘ಮೂವತ್ತು ವರ್ಷದ ಗಂಡ ಬೆಳಗಾಗೋದ್ರಾಗೆ ಮುದುಕ ಆಗಿರ್ತಿದ್ದ’ ಅಂದಳು. ಉಣ್ಣಲು ಕೂರುವ ಮೊದಲು ಹುಬ್ಬಿನ ಮೇಲಿನ ಹತ್ತಿಯನ್ನು ಸೆರಗಿನಿಂದ ಒರೆಸುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಹೊಸೆಯುತ್ತಿದ್ದ ಬತ್ತಿ ಹಿಡಿದುಕೊಂಡೇ ತನ್ನ ಹುಬ್ಬು ಮುಟ್ಟಿ ತೋರಿಸಿದಳು. ದಾವಣಗೆರೆಯನ್ನು ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು ಅಂತ ನಾನು ಎಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ಹುಬ್ಬಿನ ವಿಷಯ ಯಾವ ಪಾಠದಲ್ಲಿತ್ತು?

ಅವತ್ತಿನಿಂದ ಪ್ರಶ್ನೆಗಳ ಪುಸ್ತಕ ಮನೆಯಲ್ಲೇ ಬಿಟ್ಟೆ. ಪ್ರತಿ ಭಾನುವಾರ ಕೈಗೊಂದು ಕೆಲಸ ಕೊಡುವುದು. ಅವರೆಕಾಯಿ ಸುಲಿಯೋದು, ಅಕ್ಕಿ ಆರಿಸೋದು, ಹಳೇ ಸೀರೆ ಮಡಚೋದು. ಸೀರೆ ದಿನ ಜಾಸ್ತಿ ಸಿಕ್ಕಿತು. ಒಂದೊಂದು ಸೀರೆಗೂ ಒಬ್ಬರ ಮದುವೆ, ಒಂದು ಜಗಳ ಇತ್ತು.

ಹೊತ್ತೂ ಮುಖ್ಯ. ತಿಂಡಿ ಆದ ಮೇಲೆ ಇಪ್ಪತ್ತು, ಇಪ್ಪತ್ತೈದು ನಿಮಿಷ, ಅಷ್ಟೇ. ಸಂಜೆ ಕೇಳಿದರೆ ನನ್ನನ್ನೇ ಅಮ್ಮ ಅಂದುಕೊಂಡು ಮಾತಾಡುತ್ತಿದ್ದಳು. ಅಜ್ಜಿಗೆ ಎಡಗಿವಿ ಪರವಾಗಿಲ್ಲ, ಬಲಗಿವಿ ಕೇಳಿಸಲ್ಲ. ಕೂಗಿದರೆ ಬೈದ ಹಾಗೆ ಅನ್ನಿಸಿ ಮುನಿಸಿಕೊಳ್ಳುತ್ತಾಳೆ. ಎಡಕ್ಕೆ ಕೂತು ನಿಧಾನಕ್ಕೆ, ಸ್ವಲ್ಪ ದಪ್ಪ ದನಿಯಲ್ಲಿ ಹೇಳಿದರೆ ಸಾಕಿತ್ತು. ಫೋನನ್ನು ಮಡಚಿದ ಟವೆಲ್ ಮೇಲೆ ಅವಳ ಮೊಣಕಾಲ ಹತ್ತಿರ ಇಟ್ಟು ಮರೆತುಬಿಡುತ್ತಿದ್ದೆ. ಫ್ಯಾನ್ ಆಫ್. ಕುಕ್ಕರ್ ಇಡಬೇಡ ಅಂತ ಅಮ್ಮನಿಗೆ ತಾಕೀತು.

ಆದರೂ ಒಂದು ದೊಡ್ಡ ಎಡವಟ್ಟು ಮಾಡಿಕೊಂಡೆ. ಮದುವೆಯ ದಿಬ್ಬಣ ಎತ್ತಿನಗಾಡಿಯಲ್ಲಿ ಹೊರಟಿದ್ದು, ದಾರಿಯಲ್ಲಿ ಕೀಲು ಮುರಿದಿದ್ದು, ಎಲ್ಲಾ ಹೇಳುತ್ತಿದ್ದಾಗ ನನ್ನ ಫೋನಿಗೆ ಯಾವುದೋ ಲೋನ್ ಕಾಲ್ ಬಂತು. ಕಟ್ ಮಾಡಿದೆ. ರೆಕಾರ್ಡಿಂಗ್ ಅಲ್ಲಿಗೇ ನಿಂತುಹೋಗಿತ್ತು, ನೋಡಿಕೊಳ್ಳಲಿಲ್ಲ. ಅರ್ಧ ಗಂಟೆ ಹೋಯಿತು. ಮುಂದಿನ ವಾರ ಇನ್ನೊಂದು ಸಲ ಹೇಳು ಅಂದರೆ, ‘ಹೇಳಿದ್ನಲ್ಲೇ, ಗಾಡಿ ಮುರೀತು’ ಅಂತ ಒಂದೇ ಸಾಲು. ಆಮೇಲೆ ಏರೋಪ್ಲೇನ್ ಮೋಡ್ ಹಾಕದೆ ಒಂದು ದಿನವೂ ಕೂತಿಲ್ಲ. ಮುಗಿದ ಕೂಡಲೇ ಫೈಲಿಗೆ ತಾರೀಖು, ವಿಷಯ ಸೇರಿಸಿ ಹೆಸರು ಹಾಕಿ ಪೆನ್‌ಡ್ರೈವ್‌ಗೂ ಹಾಕುತ್ತಿದ್ದೆ.

ಇಸವಿ ಕೇಳುವುದನ್ನೂ ಬಿಟ್ಟೆ. ಅಜ್ಜಿಗೆ ಇಸವಿ ಗೊತ್ತಿಲ್ಲ, ಆದರೆ ಲೆಕ್ಕ ಗೊತ್ತು. ‘ದೊಡ್ಡ ಮಾವ ಹುಟ್ಟಿದಾಗ ಸೂಲಗಿತ್ತಿಗೆ ಏನು ಕೊಟ್ಟೆ?’ ಅಂದರೆ ‘ಎಂಟಾಣೆ’ ಅನ್ನುತ್ತಾಳೆ. ಚಿಕ್ಕಮ್ಮ ಹುಟ್ಟಿದಾಗ ‘ನಯಾಪೈಸೆ ಬಂದಿತ್ತು, ಅಂಗಡ್ಯೋನು ಚಿಲ್ರೆ ಲೆಕ್ಕದಾಗೆ ಮೋಸ ಮಾಡ್ತಿದ್ದ.’ ನಯಾಪೈಸೆ ಬಂದಿದ್ದು 1957ರಲ್ಲಿ. ಅಲ್ಲಿಗೆ ಇಬ್ಬರ ಹುಟ್ಟೂ ಒಂದು ಅಂದಾಜಿಗೆ ಸಿಕ್ಕಿತು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದು ಇನ್ನೊಂದು ಅಳತೆ. ಮದುವೆ ‘ತಾರಣ ಸಂವತ್ಸರ’ ಅಂದಳು. ಹಳೇ ಪಂಚಾಂಗದ ಲೆಕ್ಕ ಹಾಕಿದರೆ 1944-45. ಏಕೀಕರಣ ನೆನಪಿದೆಯಾ ಅಂದರೆ ಇಲ್ಲ. ಇರುವುದಾದರೂ ಹೇಗೆ, ತವರು ಹಿರಿಯೂರು ಸೀಮೆ, ಗಂಡನ ಮನೆ ದಾವಣಗೆರೆ, ಎರಡೂ ಮೊದಲಿನಿಂದ ಮೈಸೂರು ಸೀಮೆಯೇ. ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರೆ ಜಿಲ್ಲೆ ಆಯಿತು ಅನ್ನುವುದನ್ನಂತೂ ಅವಳು ಇನ್ನೂ ಒಪ್ಪಿಲ್ಲ. ಜಿಲ್ಲೆ ಅಂದರೆ ದುರ್ಗ.

ಮಾರಿಕಣಿವೆ ವಿಷಯವನ್ನು ಕೊನೆಗೆ ಕೇಳಿದೆ. ‘ನೀರು ನೋಡಿದ್ಯಾ?’ ಅಂತ ಕೇಳಲಿಲ್ಲ. ಹೂಂ ಅಂದುಬಿಡುತ್ತಾಳೆ. ‘ಯಾರ ಜೊತೆ ಹೋಗಿದ್ದೆ?’ ಅಂದೆ. ‘ಅಪ್ಪನ ಹೆಗಲ ಮ್ಯಾಲೆ. ನೀರು ಎಲ್ಲಿ ಕಾಣ್ತದೆ, ಜನ. ಸದ್ದು ಕೇಳಿ ಹೆದ್ರಿಕೆ ಆಗಿ ರುಮಾಲು ಬಿಗಿಯಾಗಿ ಹಿಡ್ಕಂಡಿದ್ದೆ. ರುಮಾಲು ಬಿಚ್ಚಿ ಕೈಗೇ ಬಂತು.’ ಕೇಳಿ ತಿಳಿದವರು ನೀರಿನ ಬಗ್ಗೆ ಹೇಳುತ್ತಾರೆ, ರುಮಾಲಿನ ಬಗ್ಗೆ ಹೇಳಲ್ಲ. ನಾನು ನಂಬಿದೆ. ಹಾಗಾದರೆ ಆಗ ನಾಲ್ಕೈದು ವರ್ಷ ಇರಬೇಕು, ಹುಟ್ಟಿದ್ದು 1928ರ ಆಸುಪಾಸು. ತಾರಣದಲ್ಲಿ ಮದುವೆ ಅಂದರೆ ಹದಿನಾರೋ ಹದಿನೇಳೋ. ಆಧಾರ್ ನಂಬಿದರೆ ಒಂಬತ್ತು ಹತ್ತು ವರ್ಷಕ್ಕೇ ಮದುವೆ ಆಗಿರಬೇಕಿತ್ತು. ಆದರೂ ಎರಡೂ ಲೆಕ್ಕ ಬರೆದಿಟ್ಟೆ.

ಒಂದು ದಿನ ಮಾತಿನ ಮಧ್ಯೆ ಬತ್ತಿ ಕೆಳಗಿಟ್ಟು ಸುಮ್ಮನಾದಳು. ತೀರಿಹೋದ ಒಂದು ಮಗುವಿನ ವಿಷಯ. ನಾನೂ ಸುಮ್ಮನಿದ್ದೆ. ರೆಕಾರ್ಡಿಂಗ್‌ನಲ್ಲಿ ನಾಲ್ಕು ನಿಮಿಷ ಬರೀ ಗುಬ್ಬಿ ಸದ್ದು, ಹೊರಗೆ ತರಕಾರಿಯವನ ಕೂಗು. ಆಮೇಲೆ ಹೇಳಿದಳು. ಹೇಳಿ, ‘ಇದನ್ನ ಬರೀಬ್ಯಾಡ’ ಅಂದಳು. ಬರೆದಿಲ್ಲ. ಆ ಫೈಲು ಅಮ್ಮನಿಗೂ ಕೊಟ್ಟಿಲ್ಲ.

ಬರೆಯುವುದೇ ಕಷ್ಟದ ಕೆಲಸ. ಇಪ್ಪತ್ತು ನಿಮಿಷದ ಮಾತಿಗೆ ನನಗೆ ಎರಡು ಗಂಟೆ ಹಿಡಿಯುತ್ತಿತ್ತು. ಫೋನಿನ ವಾಯ್ಸ್ ಟೈಪಿಂಗ್‌ಗೆ ಅಜ್ಜಿಯ ಮಾತು ಹತ್ತಲೇ ಇಲ್ಲ. ಸಹಾಯ ಮಾಡ್ತೀನಿ ಅಂತ ಮಾವ ಹತ್ತು ಪುಟ ತಿದ್ದಿ ಕಳಿಸಿದರು. ‘ಅಪ್ಪಗೆ ಎರಡೆತ್ತು, ಆರೆಕರೆ ಹೊಲ, ಮಳೆ ಬಂದ್ರೆ ರಾಗಿ, ಇಲ್ದಿದ್ರೆ ಇಲ್ಲ’ ಅನ್ನುವುದು ‘ನನ್ನ ತಂದೆಯವರು ಕೃಷಿಕರಾಗಿದ್ದರು’ ಆಗಿತ್ತು. ಬೇಜಾರಾದರೂ ಪರವಾಗಿಲ್ಲ ಅಂತ ಎಲ್ಲಾ ಹಳೇದಕ್ಕೇ ತಿರುಗಿಸಿದೆ. ಹಾಗೆ ಪದ ಪದ ಕೇಳಿ ಬರೆಯುವಾಗಲೇ ಒಂದು ವಿಷಯ ಗಮನಕ್ಕೆ ಬಂತು. ತವರಿನ ಕತೆ ಹೇಳುವಾಗ ಅಜ್ಜಿ ‘ಐತೆ’ ಅನ್ನುತ್ತಾಳೆ, ದಾವಣಗೆರೆ ಕತೆಗೆ ಬಂದರೆ ‘ಐತಿ’. ಅವಳಿಗೇ ಗೊತ್ತಿಲ್ಲ.

62 ಪುಟ ಆಯಿತು. ಅಜ್ಜಿಗೆ ಓದಲು ಬರಲ್ಲ, ಹಾಗಾಗಿ ಜೆರಾಕ್ಸ್ ಅಂಗಡಿಗೆ ಕೊಡುವ ಮೊದಲು ನಾನೇ ಪೂರ್ತಿ ಓದಿ ಹೇಳಿದೆ, ನಾಲ್ಕು ಭಾನುವಾರ. ಮಾರಿಕಣಿವೆ ಪುಟ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

‘ರುಮಾಲು ಅಂತ ಯಾರೇ ಹೇಳಿದ್ದು?’

‘ನೀನೇ ಅಜ್ಜಿ.’ ರೆಕಾರ್ಡಿಂಗ್ ಹಾಕಿ ಎಡಗಿವಿ ಹತ್ತಿರ ಹಿಡಿದೆ. ಕೇಳಿಸಿಕೊಂಡಳು.

‘ಅಪ್ಪ ಯಾವತ್ತೂ ರುಮಾಲು ಸುತ್ತಿದೋನಲ್ಲ. ಟವೆಲ್ಲು ಹಾಕ್ಕಂತಿದ್ದ.’ ಸ್ವಲ್ಪ ಹೊತ್ತು ಬೆರಳನ್ನು ಮಡಿಲಲ್ಲಿ ಸುಮ್ಮನೆ ಹೊಸೆಯುತ್ತಾ ಕೂತಳು. ‘ರುಮಾಲು ಸುತ್ತೋನು ದೊಡ್ಡಪ್ಪ. ಹಂಗಾದ್ರೆ ಅದು ದೊಡ್ಡಪ್ಪನ ಹೆಗಲು ಕಣೆ. ತಿದ್ದು.’

ತಿದ್ದಿದೆ.