ಅಟ್ಟದಲ್ಲಿರುವ ಗಲ್ಫ್ ಕೀಬೋರ್ಡನ್ನು ಕೆಳಗಿಳಿಸುವುದು ಹೇಗೆ

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕದವರೆಗೆ ನಮ್ಮ ಕಡೆ ಗಲ್ಫಿಗೆ ಹೋದವರಿಲ್ಲದ ಕುಟುಂಬ ಕಡಿಮೆ. 80ರ ದಶಕದಲ್ಲಿ ಅವರು ಊರಿಗೆ ಬಂದರೆ ಟೇಪ್ ರೆಕಾರ್ಡರ್, ಟಾರ್ಚು, ಅತ್ತರು ಬರುತ್ತಿತ್ತು. ಒಮ್ಮೊಮ್ಮೆ ಒಂದು ಕೀಬೋರ್ಡೂ ಬರುತ್ತಿತ್ತು. ನಮ್ಮ ಭಾವ ಶಾರ್ಜಾದಿಂದ ತಂದದ್ದು ಕ್ಯಾಸಿಯೊ ಸಿಝಡ್-101. ಬಟನ್ ಒತ್ತಿದರೆ ರಿದಮ್ ಬರುತ್ತದೆ ಅಂದುಕೊಂಡು ಕೊಂಡಿದ್ದರು. ಮನೆಯಲ್ಲಿ ಬಿಚ್ಚಿ ಕೀ ಒತ್ತಿದರೆ ಸದ್ದೇ ಇಲ್ಲ. ಅಂಗಡಿಯವನಿಗೆ ನಾಲ್ಕು ಬೈದು ಅಟ್ಟಕ್ಕೆ ಹಾಕಿದರು. ಅಡಕೆ ಗೋಣಿಯ ಹಿಂದೆ ಅದು ಮೂವತ್ತು ವರ್ಷ ಮಲಗಿತ್ತು.

ಅದು ಹಾಳಾಗಿರಲಿಲ್ಲ. ಅದರಲ್ಲಿ ಸ್ಪೀಕರೇ ಇಲ್ಲ, ಅಷ್ಟೇ! ರಿದಮ್ಮೂ ಇಲ್ಲ. ಅದು ಸಿಂಥಸೈಸರ್, ಸದ್ದನ್ನು ನಾವೇ ಮಾಡಿಕೊಳ್ಳುವ ಪೆಟ್ಟಿಗೆ.

ನನ್ನದು ಮೈಕ್ ಸೆಟ್ಟಿನ ಕೆಲಸ. ಮದುವೆ, ಯಕ್ಷಗಾನದ ಆಟ, ತಾಳಮದ್ದಳೆ ಇದ್ದಲ್ಲಿ ಹೋಗುತ್ತೇನೆ. ಸಿಂಥ್ ಬಗ್ಗೆ ಕೇಳುವ ಹುಡುಗರಿಗೆ ನಾನು ಮೊದಲು ಹೇಳುವುದು ಒಂದೇ: ಹೊಸದು ಕೊಳ್ಳುವ ಮೊದಲು ಮನೆಯ, ನೆಂಟರ ಮನೆಯ ಅಟ್ಟ ಹುಡುಕಿ. ಸಿಕ್ಕಿದರೆ ಮುಂದಿನದು ಹೀಗೆ.

ಕೆಳಗಿಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ಕೈ ತುರಿಸುತ್ತದೆ, ಗೊತ್ತು. ಆದರೂ ಬೇಡ. ಮೊದಲು ತಿರುಗಿಸಿ ಹಿಂಬದಿ ಓದಿ. ಎಷ್ಟು ವೋಲ್ಟ್ ಅಂತ ಅಲ್ಲಿ ಬರೆದಿರುತ್ತದೆ. ದುಬೈ, ಶಾರ್ಜಾ ಕಡೆಯಿಂದ ಬಂದದ್ದಾದರೆ ಸಾಮಾನ್ಯವಾಗಿ 220 ಅಥವಾ 240, ನಮ್ಮ ಕರೆಂಟಿಗೆ ಸರಿಹೋಗುತ್ತದೆ. ಸೌದಿಯಲ್ಲಿ ಆಗ 127 ವೋಲ್ಟಿನ ಮನೆಗಳೂ ಇದ್ದವು. ಜಪಾನಿನದ್ದು 100, ಅಮೆರಿಕದ್ದು 120. ಅಂಥದ್ದನ್ನು ನೇರ 230ಕ್ಕೆ ಚುಚ್ಚಿದರೆ ಕಥೆ ಮುಗಿಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಸಿಝಡ್-101ಕ್ಕೆ ಈ ತಲೆನೋವಿಲ್ಲ. ಅದು 9 ವೋಲ್ಟಿನ ಅಡಾಪ್ಟರಿನಲ್ಲೋ ಆರು ದೊಡ್ಡ ಟಾರ್ಚ್ ಸೆಲ್ಲಿನಲ್ಲೋ ನಡೆಯುತ್ತದೆ. ಆದರೆ ಬೀಳಲು ಇನ್ನೊಂದು ಹೊಂಡ ಇದೆ. ಹಳೇ ಕ್ಯಾಸಿಯೊ ಅಡಾಪ್ಟರಿನ ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಅದಕ್ಕೆ ಉಲ್ಟಾ. ಪಿನ್ ಸರಿಯಾಗಿ ಕೂತಿತು ಅಂತ ನಂಬಿ ಒಂದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ನಾನೇ ಸುಟ್ಟಿದ್ದೇನೆ. ಅದೂ ಭಾಗವತರೊಬ್ಬರದ್ದು. ಆಟಕ್ಕೆ ಎರಡು ಗಂಟೆ ಇರುವಾಗ. ಅವತ್ತಿನಿಂದ ಮಲ್ಟಿಮೀಟರ್ ಇಲ್ಲದೆ ಯಾವ ಅಡಾಪ್ಟರನ್ನೂ ಮುಟ್ಟುವುದಿಲ್ಲ.

ಈಗ ಸೆಲ್ ಡಬ್ಬ ತೆರೆಯಿರಿ. ಒಳಗೆ ಹಳೇ ಸೆಲ್ ಇದ್ದರೆ ಖಂಡಿತ ಒಸರಿರುತ್ತದೆ. ಭಾವನ ಕ್ಯಾಸಿಯೊದಲ್ಲಿ ಆರೂ ಸೆಲ್ ಒಡೆದು, ಸ್ಪ್ರಿಂಗಿನ ಮೇಲೆ ಹಸಿರು ಹುಡಿ ಕೂತಿತ್ತು. ಇಲ್ಲಿ ಎಲ್ಲರೂ ನಿಂಬೆಹುಳಿ ಹಾಕಿ ತಿಕ್ಕುತ್ತಾರೆ. ಅದು ಆಲ್ಕಲೈನ್ ಸೆಲ್ಲಿಗೆ ಸರಿ, ಏಕೆಂದರೆ ಅದರಿಂದ ಒಸರುವುದು ಕ್ಷಾರ. ಹಳೇ ಕಾಲದ ಸಾದಾ ಸೆಲ್ಲಿನಿಂದ ಒಸರುವುದು ಆಮ್ಲದ ಜಾತಿ. ಅದಕ್ಕೆ ಅಡುಗೆ ಸೋಡಾ ಬೇಕು. ಒಂದು ಚಿಟಿಕೆ ಸೋಡಾ ನೀರಲ್ಲಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿ. ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಲು ಬಿಡಿ.

ಒಳಗೆ ಬಿಚ್ಚಬೇಕಾ? ಅಡಾಪ್ಟರಿನದ್ದಾದರೆ ಧೈರ್ಯವಾಗಿ ಬಿಚ್ಚಿ. ಯಮಹಾ ಡಿಎಕ್ಸ್7 ಥರ ಕರೆಂಟ್ ವಯರು ನೇರ ಒಳಗೇ ಹೋಗುವಂಥದ್ದನ್ನು ಅನುಭವ ಇಲ್ಲದೆ ಬಿಚ್ಚಬೇಡಿ. ಸ್ಕ್ರೂಗಳನ್ನು ಬಂದ ಜಾಗದ ಪ್ರಕಾರವೇ ಕಾಗದದ ಮೇಲೆ ಇಡುತ್ತಾ ಹೋಗಿ. ಭಾವನ ಕ್ಯಾಸಿಯೊ ಬಿಚ್ಚಿದಾಗ ಒಳಗೆ ಇರುವೆ ಗೂಡು. ಮೊಟ್ಟೆ, ಮಣ್ಣು ಎಲ್ಲ ಸೇರಿ ಬೋರ್ಡಿನ ಮೂಲೆಯಲ್ಲಿ ಒಂದು ಮುಷ್ಟಿ. ಒಂದು ಹಲ್ಲಿಯ ಅಸ್ಥಿಪಂಜರವೂ ಇತ್ತು. ಪೇಂಟ್ ಬ್ರಷ್‌ನಲ್ಲಿ ಗುಡಿಸಿದೆ, ಅಷ್ಟೇ ಕೆಲಸ. ಕೆಲವು ಕೀ ಒತ್ತಿದರೆ ಸದ್ದು ಬರುವುದಿಲ್ಲ ಅಲ್ವಾ, ಅದಕ್ಕೆ ಹೆದರಬೇಡಿ. ಕೀಗಳ ಅಡಿಯಲ್ಲಿ ಟಿವಿ ರಿಮೋಟಿನಲ್ಲಿರುವಂಥದ್ದೇ ರಬ್ಬರ್ ಪಟ್ಟಿ ಇದೆ, ಅದರಲ್ಲಿ ಕಪ್ಪು ಕಾರ್ಬನ್ ಗುಳಿಗೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದೇ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿದರೆ ಹತ್ತರಲ್ಲಿ ಒಂಬತ್ತು ಕೀ ಬದುಕುತ್ತವೆ. ಜೋರಾಗಿ ಉಜ್ಜಿದರೆ ಕಾರ್ಬನ್ನೇ ಕಿತ್ತು ಬರುತ್ತದೆ, ಜಾಗ್ರತೆ.

ಡಿಎಕ್ಸ್7 ಸಿಕ್ಕಿದವರಿಗೆ ಒಂದು ಮಾತು. 1983ರದ್ದು ಅದು. ಒಳಗೆ ಸಿಆರ್2032 ಬ್ಯಾಟರಿಯನ್ನು ಬೆಸುಗೆ ಹಾಕಿ ಇಟ್ಟಿದ್ದಾರೆ. ಅದು ಸತ್ತಿದ್ದರೆ ನೆನಪಲ್ಲಿಟ್ಟ 32 ಸದ್ದುಗಳ ಬದಲು ಏನೇನೋ ಕಿರುಚುತ್ತದೆ. ಪೆಟ್ಟಿಗೆ ಹಾಳಾಗಿಲ್ಲ. ಬ್ಯಾಟರಿ ಬದಲಿಸಿ ಸದ್ದುಗಳನ್ನು ಮತ್ತೆ ತುಂಬಿದರೆ ಆಯಿತು.

ಸದ್ದು ಹೊರಗೆ ಬರಲು ಪಿ-38, ಅಂದರೆ ಕಾಲಿಂಚಿನ ದಪ್ಪ ಜ್ಯಾಕಿನ ವಯರು ಹಾಕಿ. ಆಂಪ್ಲಿಫೈಯರಿನ ಲೈನ್ ಇನ್‌ಪುಟ್ಟಿಗೇ ಕೊಡಿ. ಮೈಕಿನ ಇನ್‌ಪುಟ್ಟಿಗೆ ಕೊಟ್ಟರೆ ಸದ್ದು ಒಡೆಯುತ್ತದೆ. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಮೆಲ್ಲ ಏರಿಸಿ.

ಇನ್ನು ನಿಜವಾದ ಕೆಲಸ. ಸಿಝಡ್-101ರ ಒಳಗಿರುವ 16 ರೆಡಿ ಸದ್ದುಗಳನ್ನು ಒಂದು ಸಂಜೆ ನುಡಿಸಿ, ಆಮೇಲೆ ಮರೆತುಬಿಡಿ. ಸೊನ್ನೆಯಿಂದ ಒಂದು ಸದ್ದು ಮಾಡಿ. ನಮ್ಮವರಿಗೆ ಸುಲಭದ್ದು ಶ್ರುತಿ.

ಮೊದಲು ಇನಿಶಿಯಲೈಸ್ ಬಟನ್ ಒತ್ತಿ, ಹಲಗೆ ಒರೆಸಿದ ಹಾಗೆ. ಸದ್ದಿನ ಅಲೆಯ ಆಕಾರಗಳಲ್ಲಿ ಮೊದಲನೆಯದನ್ನು, ಗರಗಸದ ಹಲ್ಲಿನ ಚಿತ್ರ ಇರುವುದನ್ನು, ಆರಿಸಿ. ಡಿಸಿಡಬ್ಲ್ಯು ಅಂತ ಒಂದು ಭಾಗ ಇದೆ. ಅದರ ಲೆವೆಲ್ 0 ಇದ್ದರೆ ಸದ್ದು ಕೊಳಲಿನ ಮೆದು ಊದಿನ ಹಾಗೆ ನುಣುಪು. 99ಕ್ಕೆ ಏರಿಸುತ್ತಾ ಹೋದರೆ ಹಾರ್ಮೋನಿಯಂನ ರೀಡಿನ ಹಾಗೆ ಚೂಪಾಗುತ್ತದೆ. ಒಳಗೆ ನಡೆಯುವುದು ತುಂಬಾ ಜಾಣ ಕೆಲಸ. ಒಂದು ಅಲೆಯನ್ನು ಓದುವಾಗ ಯಂತ್ರ ಸ್ವಲ್ಪ ದೂರ ಓಡಿ, ಉಳಿದದ್ದನ್ನು ನಡೆದು ಓದುತ್ತದೆ. ಹೊತ್ತು ಅಷ್ಟೇ, ಆಕಾರ ಮಾತ್ರ ವಾರೆಯಾಗುತ್ತದೆ. ಫೇಸ್ ಡಿಸ್ಟಾರ್ಷನ್ ಅಂದರೆ ಇದೇ. ಡಿಎಕ್ಸ್7ರ ದಾರಿ ಬೇರೆ. ಅಲ್ಲಿ ಒಂದು ಅಲೆ ಇನ್ನೊಂದನ್ನು ಅಲುಗಾಡಿಸುತ್ತದೆ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಹಿಡಿದ ವಿಧಾನ ಅದು. ಕಲಿಯಲು ಕಷ್ಟ, ಹಾಗಾಗಿ ಶುರುವಿಗೆ ಅದು ಬೇಡ ಅನ್ನುತ್ತೇನೆ.

ಈಗ ಲೈನ್ ಸೆಲೆಕ್ಟಿನಲ್ಲಿ 1+1' ಇಡಿ. ಒಂದೇ ಸದ್ದು ಎರಡು ಸಲ. ಎರಡನೆಯದನ್ನು ಡಿಟ್ಯೂನ್‌ನಲ್ಲಿ ಕೂದಲೆಳೆಯಷ್ಟು ಸರಿಸಿ. ಒಂದು 220 ಹರ್ಟ್ಸ್, ಇನ್ನೊಂದು 222 ಆದರೆ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. ಉಂವ್, ಉಂವ್ ಅಂತ. ಸರಿಸಿದ್ದು ಜಾಸ್ತಿಯಾದರೆ ಮದುವೆ ಬ್ಯಾಂಡಿನವರು ಜಗಳವಾಡಿದ ಹಾಗೆ ಕೇಳುತ್ತದೆ. ಸ ಮತ್ತು ಪ ಒಟ್ಟಿಗೆ ಹಿಡಿದು, ಉಸಿರಾಡಿದ ಹಾಗೆ ಅನ್ನಿಸುವವರೆಗೆ ಸರಿಸುತ್ತಾ ಇರಿ. ನನಗೆ ಇದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು.

ಎರಡನೇ ಪಾಠ ಜಾಗಟೆ. ಯಾವ ಸದ್ದಿಗೂ ಏರುವ, ಇಳಿಯುವ ಒಂದು ನಡೆ ಇರುತ್ತದೆ. ಅದಕ್ಕೆ ಎನ್ವಲಪ್ ಅನ್ನುತ್ತಾರೆ. ಚೆಂಡೆ ಫಟ್ಟಂತ ಏರಿ ಕೂಡಲೇ ಸಾಯುತ್ತದೆ. ಜಾಗಟೆ ಫಟ್ಟಂತ ಏರಿ, ಸುಮಾರು ಹೊತ್ತು ಎಳೆದು ಇಳಿಯುತ್ತದೆ. ಡಿಸಿಎಯಲ್ಲಿ, ಅಂದರೆ ಸದ್ದಿನ ಗಟ್ಟಿತನದಲ್ಲಿ, ಮೊದಲ ಮೆಟ್ಟಿಲಿಗೆ ರೇಟ್ 99, ಲೆವೆಲ್ 99 ಕೊಡಿ. ಎರಡನೇ ಮೆಟ್ಟಿಲಿಗೆ ರೇಟ್ 40ರ ಆಸುಪಾಸು, ಲೆವೆಲ್ 0, ಅಲ್ಲಿಗೆ ಎಂಡ್. ಡಿಸಿಡಬ್ಲ್ಯುಗೂ ಹಾಗೇ ಮಾಡಿ. ನಂತರ ರಿಂಗ್ ಬಟನ್ ಒತ್ತಿ, ಡಿಟ್ಯೂನ್‌ನಲ್ಲಿ ಎರಡನೇ ಲೈನನ್ನು ಒಂದು ಸ್ಥಾಯಿ ಮೇಲೆ, ಇನ್ನೂ ಮೂರು ನಾಲ್ಕು ಸ್ವರ ಆಚೆ ತಳ್ಳಿ. ಕಂಚು ಕೇಳಿಸುತ್ತದೆ. ರೇಟ್ ಏರಿಸಿ, ರಿಂಗ್ ತೆಗೆದು ನಾಯ್ಸ್ ಒತ್ತಿದರೆ ಚೆಂಡೆಯ ದೂರದ ನೆಂಟ. ನಿಜವಾದ ಚೆಂಡೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಹೊಸದು ಬೇಕೇ ಬೇಕು ಅನ್ನುವವರಿಗೆ ನನ್ನ ಓಟು ಕಾರ್ಗ್ ವೋಲ್ಕಾ ಕೀಸ್‌ಗೆ. 2013ರಲ್ಲಿ ಬಂದದ್ದು. ಮೂರು ದನಿಯ ಅನಲಾಗ್ ಪೆಟ್ಟಿಗೆ, ಆರು ಸಣ್ಣ ಪೆನ್ಸಿಲ್ ಸೆಲ್ಲು, ಒಳಗೇ ಸ್ಪೀಕರ್. ಮಳೆಗಾಲದಲ್ಲಿ ಕರೆಂಟು ಹೋದರೂ ಜಗಲಿಯಲ್ಲಿ ಕೂತು ನುಡಿಸಬಹುದು. ಕ್ಯಾಸಿಯೊದಲ್ಲಿ ಮೆನು ಒತ್ತಿ ಒತ್ತಿ ಮಾಡಿದ್ದನ್ನು ಇಲ್ಲಿ ಗುಂಡಿ ತಿರುಗಿಸಿ ಮಾಡಬಹುದು. ಹಾಗಾಗಿ ಸದ್ದಿನ ಚೂಪನ್ನು ತಗ್ಗಿಸುವ ಫಿಲ್ಟರ್ ಅಂದರೇನು ಅಂತ ಕೈಗೇ ಗೊತ್ತಾಗುತ್ತದೆ. ಸ್ಪರ್ಶದ ಕೀಗಳು ಮಾತ್ರ ನನಗೆ ಆಗಿಬರುವುದಿಲ್ಲ. ಅದಕ್ಕೆ ಕ್ಯಾಸಿಯೊದ ಮಿಡಿ ಔಟ್‌ನಿಂದ ವೋಲ್ಕಾದ ಮಿಡಿ ಇನ್‌ಗೆ ಐದು ಪಿನ್ನಿನ ವಯರು ಹಾಕಿದ್ದೇನೆ. ಮಿಡಿ ಅಂದರೆ ಇಂಥ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡುವ ಭಾಷೆ. ಅದು 1983ರಲ್ಲಿ ಬಂತು, ಅವತ್ತಿನ ಪೆಟ್ಟಿಗೆ ಇವತ್ತಿನದ್ದರ ಜೊತೆ ಈಗಲೂ ಮಾತಾಡುತ್ತದೆ. ಆ ವಯರಿನಲ್ಲಿ ಸದ್ದು ಹೋಗುವುದಿಲ್ಲ. ಯಾವ ಕೀ, ಯಾವಾಗ ಅನ್ನುವುದಷ್ಟೇ. ಪ್ರಸಂಗದ ಪದ್ಯ ಒಂದೇ, ಹಾಡುವ ಭಾಗವತರು ಬೇರೆ, ಹಾಗೆ.

ರೋಲೆಂಡ್ ಟಿಬಿ-303ರ ಹಿಂದೆ ಓಡಬೇಡಿ. ಗಿಟಾರಿನವರಿಗೆ ಬೇಸ್ ಸಾಥಿ ಅಂತ ಮಾಡಿದ್ದು ಅದು. ಮಾರಾಟವಾಗದೆ 1984ರಲ್ಲೇ ನಿಲ್ಲಿಸಿದರು. ಅಗ್ಗಕ್ಕೆ ಕೊಂಡ ಷಿಕಾಗೋದ ಹುಡುಗರು ಅದರಿಂದ ಆಸಿಡ್ ಹೌಸ್ ಅನ್ನುವ ಡ್ಯಾನ್ಸ್ ಸಂಗೀತ ಹುಟ್ಟಿಸಿದರು. ಈಗ ಅದರ ರೇಟು ಕೇಳಬಾರದು. ಅವರಿಗಿಂತಲೂ ಮೊದಲು, 1982ರಲ್ಲೇ, ಮುಂಬಯಿಯ ಚರಣ್‌ಜಿತ್ ಸಿಂಗ್ ಅದನ್ನು, ಟಿಆರ್-808 ತಾಳದ ಪೆಟ್ಟಿಗೆ ಮತ್ತು ಜುಪಿಟರ್-8 ಸಿಂಥನ್ನು ಇಟ್ಟುಕೊಂಡು ರಾಗಗಳನ್ನು ನುಡಿಸಿ ರೆಕಾರ್ಡು ಮಾಡಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. ಈಗ ಹುಡುಕಿ ಕೇಳಿ.

ಅಟ್ಟದಲ್ಲೂ ಏನಿಲ್ಲ, ಕೈಯಲ್ಲೂ ದುಡ್ಡಿಲ್ಲ ಅಂದರೆ ಹಳೇ ಲ್ಯಾಪ್‌ಟಾಪಿಗೆ ಡೆಕ್ಸೆಡ್ ಅಥವಾ ಸರ್ಜ್ ಎಕ್ಸ್‌ಟಿ ಅನ್ನುವ ಸಾಫ್ಟ್‌ವೇರ್ ಸಿಂಥ್ ಹಾಕಿಕೊಳ್ಳಿ. ಎರಡೂ ಪುಕ್ಕಟೆ.

ಮಳೆಗಾಲಕ್ಕೆ ಒಂದಿಷ್ಟು ಎಚ್ಚರ ಬೇಕು. ಜೂನ್‌ನಿಂದ ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಕೀಬೋರ್ಡಿಗೆ ಬಾರದೆ ಇರುತ್ತದಾ? ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಹೊದೆಸಿ, ಪಕ್ಕ ಸಿಲಿಕಾ ಜೆಲ್ ಇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ. ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಸಿಝಡ್-101ರಲ್ಲಿ ನೀವು ಮಾಡಿಟ್ಟ ಸದ್ದುಗಳು ಉಳಿಯುವುದು ಆ ಟಾರ್ಚ್ ಸೆಲ್ಲುಗಳ ಬಲದಲ್ಲಿ. ಹಾಗಾಗಿ ಸೆಲ್ ಬದಲಿಸುವಾಗ ಅಡಾಪ್ಟರ್ ಹಾಕಿಯೇ ಇರಲಿ. ನನ್ನ ಮೊದಲ ಶ್ರುತಿ, ಆ ಇಡೀ ಭಾನುವಾರದ್ದು, ಹಾಗೇ ಹೋದದ್ದು. ಈಗ ಎಲ್ಲ ಸಂಖ್ಯೆಗಳನ್ನೂ ಅಡಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಕಳೆದ ವರ್ಷ ಭಾವ ಬಂದಿದ್ದಾಗ ಚಾವಡಿಯಲ್ಲಿ ಆ ಕ್ಯಾಸಿಯೊವನ್ನೇ ಹಿಡಿದು ಕೂತಿದ್ದೆ. ಸುಮಾರು ಹೊತ್ತು ಕೇಳಿದರು. ಆಮೇಲೆ ಕೇಳಿದ್ದು ಒಂದೇ: “ರಿದಮ್ ಯಾವ ಬಟನ್ನಲ್ಲಿ ಬರುತ್ತೆ ಮಾರಾಯ?”